ಗೇಣೆತ್ತರದ ಕಟ್ಟಳೆ

ನಮ್ಮ ದೇವಾಲಯದ ವೇದಿಕೆಗೆ ಇರುವುದು ಒಂದೇ ಒಂದು ಮೆಟ್ಟಿಲು. ಎತ್ತರ ಗೇಣಿಗಿಂತ ಎರಡು ಬೆರಳು ಕಡಿಮೆಯೇ. ಎಪ್ಪತ್ತೆಂಟು ದಾಟಿದ ನನ್ನ ಮೊಣಕಾಲುಗಳು ಕೂಡ ಅದನ್ನು ಏರುವಾಗ ದೂರುವುದಿಲ್ಲ. ಇಂಥ ಅಲ್ಪವಸ್ತುವಿನ ಕುರಿತು ನಾಲ್ವರು ಗೃಹಸ್ಥರು ಮೂರು ಸಂಜೆಗಳನ್ನು ವ್ಯಯಿಸಬಲ್ಲರೆಂದು ಯಾರಾದರೂ ಹೇಳಿದ್ದರೆ, ವಾಚಕ ಮಹಾಶಯರೆ, ನಾನು ನಂಬುತ್ತಿರಲಿಲ್ಲ; ಆ ನಾಲ್ವರಲ್ಲಿ ನಾನೂ ಒಬ್ಬನಾಗಿದ್ದುದರಿಂದ ನಂಬದೆ ಗತ್ಯಂತರವಿಲ್ಲ.

ಬ್ರಹ್ಮಾವರದ ಸಮೀಪದ ನಮ್ಮದು ಪುಟ್ಟ ಕ್ರೈಸ್ತ ಸಭೆ. ಸಭಾಪಾಲಕರಾದ ಅಯ್ಯನವರು ಕುಂದಾಪುರದಲ್ಲಿದ್ದು, ಅಲ್ಲಿಯ ಸಭೆಯನ್ನೂ ಬೈಂದೂರಿನದನ್ನೂ ನೋಡಿಕೊಂಡು, ಉಳಿದ ಭಾನುವಾರಗಳಲ್ಲಿ ಬಸ್ಸು ಹಿಡಿದು ನಮ್ಮಲ್ಲಿಗೆ ಬರುತ್ತಾರೆ. ಅವರು ಬಾರದ ದಿನ ಸಭಾಹಿರಿಯರಲ್ಲೊಬ್ಬರು ಸರದಿಯಂತೆ ಆರಾಧನೆ ನಡೆಸುವುದು ಪದ್ಧತಿ. ಈ ವರ್ಷ ಹಿರಿಯರಾಗಿ ಆಯ್ಕೆಯಾದ ಐವರಲ್ಲಿ ಸುಗುಣಕ್ಕನೂ ಒಬ್ಬರು. ನಮ್ಮಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಸ್ತ್ರೀ. ಹಂಚಿನ ಕಾರ್ಖಾನೆಯಲ್ಲಿ ದುಡಿದು, ಸ್ತ್ರೀಸಂಘ ಕಟ್ಟಿ, ಕಾಯಿಲೆಯವರ ಮನೆಗಳಲ್ಲಿ ನಮ್ಮೆಲ್ಲರಿಗಿಂತ ಹೆಚ್ಚು ಪ್ರಾರ್ಥಿಸಿದವರು. ಆಯ್ಕೆಯ ದಿನ ಎಲ್ಲರೂ ಉತ್ಸಾಹದಿಂದ ಕೈಯೆತ್ತಿದೆವು. ಅವರ ಸರದಿಯ ಭಾನುವಾರ ಸಮೀಪಿಸಿದಾಗ ಮಾತ್ರ, ಅವರು ಎಲ್ಲಿ ನಿಂತು ಆರಾಧನೆ ನಡೆಸಬೇಕೆಂಬ ಮಹಾಪ್ರಶ್ನೆ ಉದ್ಭವಿಸಿತು.

ಪ್ರಶ್ನೆ ಎತ್ತಿದವನು ಸಾಮುವೇಲ, ಹಿರಿಯರಲ್ಲಿ ಕಿರಿಯ, ನನ್ನ ಹಳೆಯ ಶಿಷ್ಯ. ಆರಾಧನೆಯ ಶಿಸ್ತಿಗಾಗಿ ಪ್ರಾಣವನ್ನೇ ಪಣವಿಡಬಲ್ಲ ಈ ಮಹಾನುಭಾವ, ಎರಡನೆಯ ಗಂಟೆ ಬಾರಿಸಿದ ಮೇಲೂ ಅಂಗಳದ ಮಾವಿನ ಮರದಡಿ ಬಂಗುಡೆ ಮೀನು ಬಂತೇ ಬಾರದೇ ಎಂದು ಚರ್ಚಿಸುತ್ತ ನಿಂತು, ಮೊದಲ ಗೀತೆಯ ಕೊನೆಯ ಚರಣಕ್ಕೆ ಗಂಭೀರವಾಗಿ ಒಳಬರುವವನು.

"ಹೆಂಗಸ್ರ್ ಪ್ರಾರ್ಥನೆ ಮಾಡ್ಲಿ, ನಂಗೆಂತ ತಕ್ರಾರಿಲ್ಲೆ. ಆರೆ ಮೆಟ್ಲ್ ಹತ್ತುದ್ ಬ್ಯಾಡ. ಅದ್ ಕ್ರಮ ಅಲ್ಲ, ಮಾಷ್ಟ್ರೆ," ಎಂದ.

ಕ್ರಮವೆಂಬ ಶಬ್ದ ಕಿವಿಗೆ ಬಿದ್ದರೆ ಕರಗುವ ದೌರ್ಬಲ್ಯ ನನ್ನದು. ಬದುಕಿಡೀ ಛಂದಸ್ಸು ಕಲಿಸಿದವನು. ಪ್ರಾರ್ಥನೆಗೂ ಒಂದು ಲಯ, ಒಂದು ವಿರಾಮ ಬೇಕೆಂದೂ ದೇವರ ಸನ್ನಿಧಿ ಸಂತೆಯಲ್ಲವೆಂದೂ ಇಂದಿಗೂ ದೃಢವಾಗಿ ನಂಬಿದವನು. ಆದಕಾರಣ ಯಾರಿಗೂ ನೋವಾಗದ ಮಧ್ಯಮಮಾರ್ಗವೊಂದನ್ನು ನಾನೇ ಶೋಧಿಸಿದೆ: ವೇದಿಕೆಯ ಮೇಲಿನ ಮೇಜನ್ನು ಮೆಟ್ಟಿಲ ಕೆಳಗಿಳಿಸಿ, ಸುಗುಣಕ್ಕ ಅಲ್ಲಿ ನಿಂತು ಓದುವುದು. ಉಳಿದ ಮೂವರು ನನ್ನ ವಿವೇಕವನ್ನು ಕೊಂಡಾಡಿದರು. ಮೂರ್ಖತನಕ್ಕೆ ಸಂಸ್ಕೃತದ ಶಲ್ಯ ಹೊದಿಸಿದರೆ ಅದು ಸಮನ್ವಯವೆನಿಸಿಕೊಳ್ಳುತ್ತದೆ. ಐದನೆಯ ಹಿರಿಯರನ್ನೂ ಕರೆದು ಕೇಳಬೇಕೆಂಬುದು ಮೂರು ಸಂಜೆಗಳಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

ಶನಿವಾರ ತೀರ್ಮಾನ ತಿಳಿಸಲು ಹೋದಾಗ ಸುಗುಣಕ್ಕ ಮೊಣಕಾಲೂರಿ ವೇದಿಕೆಯನ್ನು ಒರೆಸುತ್ತಿದ್ದರು. ಎಷ್ಟೋ ವರ್ಷಗಳಿಂದ ಪ್ರತಿ ಶನಿವಾರ ಅವರದೇ ಕೆಲಸವದು. ನನ್ನ ಪೀಠಿಕೆಯನ್ನೆಲ್ಲ ಕೇಳಿ, ಬಟ್ಟೆ ಹಿಂಡಿದರು.

"ಒರ್ಸುಕೆ ಮೇಲ್ ಹತ್ಲಕ್ಕ್, ಓದುಕೆ ಹತ್ತುಕಾಗ. ಅಲ್ದಾ ಮಾಷ್ಟ್ರೆ?" ನಗುತ್ತಲೇ ಕೇಳಿದರು. ಆಮೇಲೆ ನಗಲಿಲ್ಲ. "ನಾನ್ ಕೆಳಗ್ ನಿಂತ್ರೆ, ಮುಂದೆ ನಮ್ಮ್ ಹೆಣ್ಣ್ ಮಕ್ಕಳೆಲ್ಲ ಕೆಳಗೇ ನಿಲ್ಕ್. ಅದಕ್ಕ್ ನಾನ್ ದಾರಿ ಮಾಡಿ ಕೊಡುದಿಲ್ಲೆ. ನಾಳೆ ನೀವೇ ಓದಿ."

ಭಾನುವಾರ ಮೊದಲ ಗಂಟೆಗೇ ಸಭೆ ತುಂಬಿತ್ತು. ಭಕ್ತಿ ಮಾಡಲಾರದ ಕೆಲಸವನ್ನು ಕುತೂಹಲ ಮಾಡಿತ್ತು. ಸಾಮುವೇಲನೂ ಮುಂದಿನ ಬೆಂಚಿನಲ್ಲಿದ್ದ. ಸುಗುಣಕ್ಕ ಹೆಂಗಸರ ಸಾಲಿನಲ್ಲಿ ತಲೆತಗ್ಗಿಸಿ ಕುಳಿತಿದ್ದರು. ತೀರ್ಮಾನದಂತೆ ನಾಲ್ವರೂ ಸೇರಿ ಆಗಲೇ ಕೆಳಗಿಳಿಸಿಟ್ಟಿದ್ದ ಮೇಜಿನ ಮುಂದೆ ನಿಂತು ನಾನು ಪುಸ್ತಕ ತೆರೆದೆ. ಸರದಿ ನನ್ನದಲ್ಲ. ಕ್ರಮದ ಹೆಸರಿನಲ್ಲಿ, ದೇವರೆದುರಿಗೆ, ಇನ್ನೊಬ್ಬರ ಸರದಿಯನ್ನು ಕಸಿದು ನಿಂತಿದ್ದೆ. ಇದಕ್ಕಿಂತ ದೊಡ್ಡ ಛಂದೋಭಂಗವನ್ನು ನನ್ನ ಯಾವ ವಿದ್ಯಾರ್ಥಿಯೂ ಮಾಡಿರಲಿಲ್ಲ.

ಪುಸ್ತಕ ಮುಚ್ಚಿ ಮೇಜಿನ ಅಂಚು ಹಿಡಿದೆ. ತೇಗದ ಮೇಜು ಕದಲಲಿಲ್ಲ.

"ಸಾಮುವೇಲ, ಆ ಬದಿ ಹಿಡಿ."

"ಎಂತ ಮಾಷ್ಟ್ರೆ, ಮೇಲಾ?"

"ಮೇಲೆ."

ಅವನು ಅತ್ತಿತ್ತ ನೋಡಿದ. ಮೇಜಿಗೆ ಬಾಗಿದ ನನ್ನ ಬೆನ್ನನ್ನೂ ನೋಡಿದ. ಒಪ್ಪಿ ಎದ್ದನೆಂದು ನಾನು ಹೇಳಲಾರೆ. "ನಿಮ್ಮ್ ಬೆನ್ನ್ ಹಿಡ್ಕಂಡ್ರೆ ಆಸ್ಪತ್ರಿಗ್ ಕರ್ಕಂಡ್ ಹೋಪುದ್ ನಾನೇ ಮಾರಾಯ್ರೆ," ಎಂದು ಗೊಣಗುತ್ತ ಬಂದು ಹಿಡಿದ. ಇಬ್ಬರೂ ಸೇರಿ ಮೇಜನ್ನು ಆ ಗೇಣೆತ್ತರಕ್ಕೆ ಏರಿಸಿದೆವು.

"ಸುಗುಣಕ್ಕ, ಸರದಿ ನಿಮ್ಮದು," ಎಂದೆ.

ಅವರು ಎದ್ದು, ಸೆರಗನ್ನು ತಲೆಗೆಳೆದುಕೊಂಡು, ಮೆಟ್ಟಿಲು ಹತ್ತಿ ಬಂದರು. ಪಿಸುಮಾತು ನಿಲ್ಲುವ ತನಕ ಸುಮ್ಮನೆ ಕಾದರು. ಅಂಥ ಮೌನ ನನ್ನ ಸರದಿಗಳಲ್ಲಿ ಎಂದೂ ಒದಗಿರಲಿಲ್ಲ. ಬಳಿಕ, ನಮಗೆ ಕೆಳಗಿಳಿದು ಕುಳಿತುಕೊಳ್ಳುವಷ್ಟೂ ವ್ಯವಧಾನ ಕೊಡದೆ, "ಸಭೆಯವರೆಲ್ಲರೂ ಎದ್ದು ನಿಲ್ಲಿರಿ," ಎಂದರು.

ಮೇಜಿನ ಎರಡು ಬದಿಗಳಲ್ಲಿ ಏದುಸಿರು ಬಿಡುತ್ತ ನಾವಿಬ್ಬರು ಆಗಲೇ ನಿಂತಿದ್ದೆವು.