ಮಂಜು ಹಿಡಿಯುತ್ತಿದ್ದ ಕ್ಯಾಮೆರಾ

ಒಂದು ಕಾಲದಲ್ಲಿ ನಾನು ತೆಗೆದ ಫೋಟೋಗಳಲ್ಲಿ ಬದುಕಿದ್ದವರೆಲ್ಲ ಸ್ವರ್ಗಸ್ಥರಂತೆ ಕಾಣುತ್ತಿದ್ದರು. ಬಡಾಯಿಯ ಮಾತಲ್ಲ ಇದು. ನಮ್ಮ ಹೆಡ್‌ಮಾಸ್ತರರ ಫೋಟೋ ತೆಗೆದು ಕಟ್ಟು ಹಾಕಿಸಿ ಕೊಟ್ಟರೆ, ಅವರ ಮನೆಯವರು ಅದನ್ನು ಗೋಡೆಗೆ ಹಾಕಲು ಬಿಡಲಿಲ್ಲವಂತೆ. ಹಾರವೊಂದೇ ಕಡಿಮೆ ಎಂದರಂತೆ. ತಲೆಯ ಸುತ್ತ ಪ್ರಭೆ, ಮೈತುಂಬ ಬೆಳ್ಳನೆಯ ಮಂಜು, ಹಿಂದಿನ ಬೇವಿನ ಗಿಡವೂ ಕೈಲಾಸದಲ್ಲೇ ಬೆಳೆದಂತೆ. ಬಿಜಾಪುರ ಜಿಲ್ಲೆಯ ನಮ್ಮ ಇಂಡಿ ಊರಿನ ಬಿಸಿಲಿಗೆ ಮಂಜು ಎಲ್ಲಿಂದ ಬರಬೇಕು, ನೀವೇ ಹೇಳಿ.

ಎಪ್ಪತ್ತರ ದಶಕದ ಮಾತು. ಇಂಡಿಯ ಹೈಸ್ಕೂಲಿನಲ್ಲಿ ನಾನು ವಿಜ್ಞಾನದ ಮಾಸ್ತರ. ಆಲಮಟ್ಟಿಯ ಕಡೆ ಕೆಲಸದಲ್ಲಿದ್ದ ಪರಿಚಯದ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ಸಾಮಾನು ಹಗುರ ಮಾಡಿಕೊಳ್ಳಲು ತಮ್ಮ ಹಳೆಯ ಜರ್ಮನಿ ಕ್ಯಾಮೆರಾವನ್ನು ನನ್ನ ಕೊರಳಿಗೆ ಹಾಕಿದರು. ಗುಂಡಿ ಒತ್ತಿದರೆ ಮುಂದಿನ ಬಾಗಿಲು ತೆರೆದು, ಹಾರ್ಮೋನಿಯಂ ತಿದಿಯಂಥ ಕಪ್ಪು ಚರ್ಮದ ಮಡಿಕೆ ಹೊರಗೆ ಬರುತ್ತಿತ್ತು. ಅದರ ತುದಿಗೆ ಲೆನ್ಸು. ಫಿಲ್ಮು ಅಂಗೈಯಷ್ಟು ಅಗಲ, ಒಂದು ರೋಲಿಗೆ ಎಂಟೇ ಎಂಟು ಫೋಟೋ. ಹಾಗಾಗಿ ಗುಂಡಿ ಒತ್ತುವಾಗ ನಾನೂ ಎದುರಿಗಿದ್ದವರೂ ಸೇರಿಯೇ ಉಸಿರು ಬಿಗಿಹಿಡಿಯುತ್ತಿದ್ದೆವು.

ಮಂಜಿನ ಮೂಲ ಹುಡುಕುವುದರಲ್ಲಿ ಮೂರು ರೋಲು ಹಾಳಾದವು. ಮೊದಲ ಅನುಮಾನ ತಿದಿಯ ಮೇಲೆ. ಬಾಗಿಲು ಮುಚ್ಚಿ, ಕೌದಿ ಹೊದ್ದು, ಕ್ಯಾಮೆರಾದೊಳಗೆ ಟಾರ್ಚ್ ಬಿಟ್ಟು ತೂತು ಹುಡುಕಿದೆ. ಸುಡು ಬೇಸಿಗೆಯಲ್ಲಿ ಕೌದಿ ಹೊದ್ದಿದ್ದಾನೆಂಬ ಸುದ್ದಿ ತಿಳಿದು ಪಕ್ಕದ ಮನೆಯವರು ಕಷಾಯ ಕಳಿಸಿದರು. ತೂತು ಸಿಗಲಿಲ್ಲ, ಕಷಾಯ ಕುಡಿಯಬೇಕಾಯಿತು. ಆಮೇಲೆ, ಫೋಟೋದ ನಂಬರು ನೋಡಲು ಬೆನ್ನಿಗಿರುವ ಕೆಂಪು ಕಿಂಡಿಯಿಂದ ಬಿಸಿಲು ನುಸುಳುತ್ತಿರಬೇಕೆಂದು ಅದಕ್ಕೆ ಕಪ್ಪು ಪಟ್ಟಿ ಅಂಟಿಸಿದೆ. ನಂಬರು ಕಾಣದೆ ಒಂದರ ಮೇಲೊಂದು ಫೋಟೋ ಬಿದ್ದು ನಮ್ಮ ಗುಮಾಸ್ತರ ಹೊಟ್ಟೆಯಲ್ಲಿ ಎಮ್ಮೆಯೊಂದು ನಿಂತಿತು. ಗುಮಾಸ್ತರು ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟರು.

ಲೆನ್ಸನ್ನು ಮಾತ್ರ ನಾನು ಅನುಮಾನಿಸಲಿಲ್ಲ. ಅದರ ಮೇಲೊಂದು ಬೆಳ್ಳನೆಯ ತೆಳು ಪೊರೆ ಇತ್ತು. ಅದು ಜರ್ಮನಿಯವರು ಬೇಕೆಂದೇ ಬಳಿದ ಲೇಪವೆಂದು ಸ್ಟಾಫ್‌ರೂಮಿನಲ್ಲಿ ಪಾಠವನ್ನೇ ಮಾಡಿದ್ದೆ. ಒಂಬತ್ತನೇ ಇಯತ್ತೆಗೆ ಬೆಳಕಿನ ಪಾಠ ಹೇಳುವವನೇ ಹೀಗೆಂದ ಮೇಲೆ ಎದುರಾಡುವವರು ಯಾರು?

ಈ ಮಂಜಿನಲ್ಲೇ ನನ್ನ ತಂಗಿ ನೀಲವ್ವನ ಫೋಟೋ ಸಿಂದಗಿಗೆ ಹೋಯಿತು. ನೀಲವ್ವನ ಎಡಗೆನ್ನೆಯ ಮೇಲೆ ರೂಪಾಯಿಯಗಲ ಸುಟ್ಟ ಕಲೆ. ಚಿಕ್ಕವಳಿದ್ದಾಗ ರೊಟ್ಟಿ ಹಂಚಿನ ಮೇಲೆ ಬಿದ್ದದ್ದು. ಮುದ್ದೇಬಿಹಾಳದಿಂದ ಒಬ್ಬರು, ಬಸವನ ಬಾಗೇವಾಡಿಯಿಂದ ಒಬ್ಬರು ಕನ್ಯೆ ನೋಡಲು ಬಂದು, ಅವಳ ಹಾಡನ್ನೂ ಅವ್ವನ ಅವಲಕ್ಕಿಯನ್ನೂ ಹೊಗಳಿ, ಊರಿಗೆ ಹೋಗಿ ಸುಮ್ಮನಾಗಿದ್ದರು. ನನ್ನ ಫೋಟೋದ ಮಂಜಿನಲ್ಲಿ ಆ ಕಲೆ ಪೂರ್ತಿ ಕರಗಿತ್ತು. ಸಿಂದಗಿಯ ಅರಿವೆ ಅಂಗಡಿಯವರು ಫೋಟೋ ಮೆಚ್ಚಿ, ಕನ್ಯೆ ನೋಡಲು ಬರುತ್ತೇವೆಂದು ಬರೆದರು.

ಅದೇ ವಾರ ನಾನು ಕ್ಯಾಮೆರಾ ತೋರಿಸಲು ಬಿಜಾಪುರಕ್ಕೆ ಹೋದೆ. ಅಲ್ಲಿಯ ಮುದಿ ಫೋಟೋಗ್ರಾಫರು ಲೆನ್ಸಿನ ಮೇಲೆ ಬೆರಳಾಡಿಸಿ ಮೂಸಿ ನೋಡಿದರು. ಆಮೇಲೆ ನನ್ನ ಹಣೆ ನೋಡಿದರು.

"ಮಾಸ್ತರ, ಈ ಕ್ಯಾಮೆರಾಕ್ಕ ದೀಕ್ಷಾ ಯಾರು ಕೊಟ್ಟಾರ್ರಿ?"

ಜರ್ಮನಿಯ ಲೇಪ ಅಪ್ಪಟ ವಿಭೂತಿಯಾಗಿತ್ತು. ಎಲ್ಲರೂ ಖಂಡೆ ಪೂಜೆಯ ದಿನ ಉಪಕರಣಗಳಿಗೆ ಪೂಜೆ ಮಾಡಿದರೆ ನಮ್ಮ ಅವ್ವನಿಗೆ ಪ್ರತಿ ಸೋಮವಾರವೂ ಖಂಡೆ ಪೂಜೆಯೇ. ಬೀಸುಕಲ್ಲು, ಹೊಲಿಗೆ ಯಂತ್ರ, ನನ್ನ ಸೈಕಲ್ಲು, ಎಲ್ಲಕ್ಕೂ ಮೂರು ಬೆರಳು ವಿಭೂತಿ. ಕ್ಯಾಮೆರಾವನ್ನು ತೆರೆದು, ಹಣೆ ಎಲ್ಲಿದೆಯೆಂದು ಹುಡುಕಿ ಗಾಜಿಗೇ ಹಚ್ಚುತ್ತಿದ್ದಳು. ನಾನು ಸಿಟ್ಟಾದೇನೆಂದು ಮತ್ತೆ ಸೆರಗಿನಿಂದ ಒರೆಸುತ್ತಿದ್ದಳು. ಒರೆಸಿದ್ದು ಹೋಗುತ್ತಿರಲಿಲ್ಲ, ಹರಡುತ್ತಿತ್ತು.

ಲೆನ್ಸು ತೊಳೆದು ಬಂದವನಿಗೆ ನೀಲವ್ವ ತಾನಾಗಿಯೇ ತನ್ನ ಫೋಟೋ ತೆಗೆಯೆಂದಳು. ತೆಗೆದೆ. ಎಂಥ ಫೋಟೋ ಅಂತೀರಿ! ರೆಪ್ಪೆಯ ಕೂದಲು ಎಣಿಸಬಹುದಿತ್ತು. ಕಲೆಯೂ ಅಷ್ಟೇ ಸ್ಪಷ್ಟ. ಜೀವನದಲ್ಲಿ ತೆಗೆದ ಮೊದಲ ಒಳ್ಳೆಯ ಫೋಟೋವನ್ನು ಎರಡು ದಿನ ಭೌತಶಾಸ್ತ್ರದ ಪುಸ್ತಕದೊಳಗೆ ಬಚ್ಚಿಟ್ಟೆ. ಹೆದರಿದ್ದೆ. ಮೂರನೆಯ ದಿನ ನೀಲವ್ವ ಅದನ್ನು ಹುಡುಕಿ ತೆಗೆದು, ಸಿಂದಗಿಗೆ ಕಳಿಸು ಎಂದಳು.

ಅವ್ವ ಅಳುಮೋರೆ ಮಾಡಿದಳು. "ದೇವರ ಇಬತ್ತೀನೇ ಆ ಕಲೆ ಮುಚ್ಚಿತ್ತು. ನೀವ್ಯಾಕ ಒರಸ್ತೀರಿ?"

"ಒಲ್ಲೆ ಅನ್ನೋರು ಅಲ್ಲೇ ಅನ್ಲಿ, ಅವ್ವಾ. ನಮ್ಮ ಮನಿಗೆ ಬಂದು, ನನ್ನ ಮಾರಿ ನೋಡಿ, ತಲಿ ಕೆಳಗ ಹಾಕೋದು ಬ್ಯಾಡ. ಇನ್ನೊಮ್ಮೆ ಅದನ್ನ ನೋಡಾಕ ನನ್ನ ಕೈಲಿ ಆಗೂದಿಲ್ಲ."

ಅವಳಿಗೆ ಹಾಗನ್ನಿಸುತ್ತಿತ್ತೆಂಬುದು ಒಂದೇ ಮನೆಯಲ್ಲಿದ್ದ ನನಗೆ ಅಲ್ಲಿಯವರೆಗೂ ಗೊತ್ತಿರಲಿಲ್ಲ. ನನಗೆ ನಾಚಿಕೆಯಾಯಿತು. ಅಂದೇ ಫೋಟೋವನ್ನು ಟಪಾಲಿಗೆ ಹಾಕಿದೆ.

ಎಂಟು ದಿನ ಏನೂ ಬರಲಿಲ್ಲ. ಅವ್ವ ಟಪಾಲಿನವನನ್ನು ಬಯ್ದಳು, ನಾನು ನನ್ನ ಕ್ಯಾಮೆರಾವನ್ನು ಬಯ್ದೆ. ನೀಲವ್ವ ಯಾರನ್ನೂ ಬಯ್ಯದೆ ಹೊಲಿಗೆ ಹಾಕುತ್ತ ಕೂತಳು. ಒಂಬತ್ತನೆಯ ದಿನ ಬಂದ ಲಕೋಟೆಯಲ್ಲಿ ಪತ್ರವಿರಲಿಲ್ಲ, ವರನ ಫೋಟೋ ಒಂದಿತ್ತು. ಈ ಮೊದಲು ಅವರು ಕಳಿಸಿದ್ದರಲ್ಲಿ ತಲೆಯ ಮೇಲೆ ಬಿಳಿ ಟೊಪ್ಪಿಗೆಯಿತ್ತು. ನಮ್ಮ ಕಡೆ ಟೊಪ್ಪಿಗೆ ಹಾಕದವರು ಯಾರು, ಅದರ ಕೆಳಗೇನಿದೆಯೆಂದು ಕೇಳುವವರು ಯಾರು? ಈ ಫೋಟೋದಲ್ಲಿ ಟೊಪ್ಪಿಗೆ ಇರಲಿಲ್ಲ. ನಡುನೆತ್ತಿ ಪೂರಾ ಬಯಲು. ಬೆನ್ನಿಗೆ ಪೆನ್ಸಿಲಿನಲ್ಲಿ ಬರೆದಿದ್ದರು: "ನಂದೂ ಇಷ್ಟು ಐತ್ರಿ. ಒಪ್ಪಿಗಿ ಇದ್ರ ಬರ್ತೇನಿ."

ನೀಲವ್ವ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಮೊದಲಿನ ಫೋಟೋವನ್ನು ಅಷ್ಟು ಹೊತ್ತು ನೋಡಿರಲಿಲ್ಲ.

"ಬರ್ಲಿ ಅಂತ ಬರಿ, ಅಣ್ಣಾ," ಎಂದಳು. "ಟೊಪ್ಪಿಗಿ ಹಾಕ್ಕೊಂಡು ಬಂದ್ರ ಗುರ್ತು ಸಿಗೂದಿಲ್ಲ ಅಂತನೂ ಬರಿ."