ದ್ಯಾವಯ್ಯನ ಹಿತ್ತಾಳೆ ಗುಂಡಿ

ಪಾಳ್ಯದ ಮಾದಮ್ಮ ತನ್ನ ಅಪ್ಪನನ್ನು ಕಂಡವಳಲ್ಲ. ಅವಳಿನ್ನೂ ಹೊಟ್ಟೆಯಲ್ಲಿದ್ದಾಗಲೇ ದ್ಯಾವಯ್ಯ ಎರಡನೆಯ ಮಹಾಯುದ್ಧಕ್ಕೆಂದು ಹೋದ, ತಿರುಗಿ ಬರಲಿಲ್ಲ. ಯಾವ ಪಡೆ, ಯಾವ ದೇಶ, ಒಂದೂ ಗೊತ್ತಿಲ್ಲ. ಯುದ್ಧ ಮುಗಿದ ಮೇಲೆ ಸಿಪಾಯಿಯೊಬ್ಬ ಅವಳ ತವರು ಹಾನುಬಾಳಿನ ಮನೆಗೆ ಬಂದು, ಸಮವಸ್ತ್ರದ ಒಂದು ಹಿತ್ತಾಳೆ ಗುಂಡಿಯನ್ನು ಅವಳ ಅವ್ವನ ಕೈಗಿಟ್ಟು, ಸತ್ತನೆಂಬುದೊಂದನ್ನೇ ಹೇಳಿ, ಕೊಟ್ಟ ಕಾಫಿಯನ್ನೂ ಕುಡಿಯದೆ ಹೊರಟುಹೋದನಂತೆ. ಪಾಪ, ಅವನಿಗಾದರೂ ಬಾಯಿ ಹೇಗೆ ಬರಬೇಕು!

ಹೆಣವನ್ನೂ ಕಾಣದ ಅವ್ವ ಆ ಗುಂಡಿಯನ್ನೇ ಗಂಡನೆಂದುಕೊಂಡಳು. ಪಿತೃಪಕ್ಷದಲ್ಲಿ ಹಿರಿಯರಿಗೆ ಎಡೆ ಇಡುವ ದಿನ, "ಹೋಗವ್ವ, ನಿಮ್ಮಪ್ಪನ ಮಕ ತೊಳ್ಕಂಡು ಬಾ" ಎಂದು ಮಗಳನ್ನು ಕಳಿಸುವಳು. ಮಾದಮ್ಮ ಹುಣಸೆಹಣ್ಣು, ಒಲೆಬೂದಿ ಹಾಕಿ ತಿಕ್ಕಿ ಫಳಫಳ ಬೆಳಗಿ ತರುವಳು. ಅದನ್ನು ಎಲೆಯ ಮುಂದಿಟ್ಟು, ಬಾಗಿಲ ಕಡೆ ತಿರುಗಿ ಅವ್ವ ಕರೆಯುವಳು: "ಎಲ್ಲಿದ್ದೀರೋ ಅಲ್ಲಿಂದ ಬಂದು ಉಂಡ್ಕಂಡು ಹೋಗಿ."

ಅವ್ವ ಸತ್ತ ಮೇಲೆ ಗುಂಡಿ ಮಾದಮ್ಮನಿಗೇ ಬಂತು. ತವರಿನ ಹಿರಿಯರಿಗೆ ಗಂಡನ ಮನೆಯಲ್ಲಿ ಎಡೆಯೆಲ್ಲಿ? ಅತ್ತೆ ಮುಖ ಗಂಟಿಕ್ಕಿಕೊಂಡೇ ಹೊಸ್ತಿಲ ಬಳಿ ಒಂದೆಲೆಗೆ ಜಾಗ ಬಿಟ್ಟಳು. ನಾಟಿ, ಕಾಫಿ ಕುಯ್ಲು, ಬಾಣಂತನ, ಕೊನೆಗೆ ಗಂಡನ ಸಾವು, ಏನೇ ಬರಲಿ ಮಾದಮ್ಮ ಅಪ್ಪನ ಮುಖ ತೊಳೆಯುವುದನ್ನು ತಪ್ಪಿಸಲಿಲ್ಲ. ಎಂಬತ್ತು ದಾಟಿದವಳಿಗೆ ಉಳಿದದ್ದು ಒಂದೇ ಆಸೆ. ಕಣ್ಣು ಮುಚ್ಚುವುದರೊಳಗೆ ಅಪ್ಪ ಬಿದ್ದ ಊರಿನ ಹೆಸರು ಹಿಡಿದು ಒಂದು ಸಲ ಕರೆಯಬೇಕು.

ಸೈನ್ಯದಿಂದ ನಿವೃತ್ತನಾದ ಬಸವರಾಜು ಹಳೆಯ ಪದಕ, ಗುಂಡಿಗಳ ಗುರುತು ಹೇಳುತ್ತಾನೆಂದು ಕೇಳಿ, ಈ ಬೇಸಿಗೆಯಲ್ಲಿ ಸೊಸೆ ಚಂದ್ರಿಕಾಳೊಂದಿಗೆ ಆಲೂರಿನ ಬಸ್ಸು ಹತ್ತಿದಳು. ಅವನು ಭೂತಗನ್ನಡಿ ಹಿಡಿದು ಬಹಳ ಹೊತ್ತು ನೋಡಿದ.

"ಹಿಂದ್ಗಡೆ ಇರೋದು ಬರೀ ಮಾಡ್ದೋರ ಹೆಸ್ರು ದೊಡ್ಡವ್ವ. ಪಡೆ ಗುರುತು ಇರೋದು ಮುಂದ್ಗಡೆ. ಅದು ಸವೆದೋಗ್ಬುಟ್ಟೈತೆ. ಏನೋ ರೆಕ್ಕೆ ಥರ ಕಾಣ್ತೈತೆ, ಅಷ್ಟೇಯ."

"ಹಕ್ಕಿ ಇತ್ತು ಕಣಪ್ಪ! ಚಿಕ್ಕೋಳಿದ್ದಾಗ ಬೆರಳಿಗೆ ತಾಕ್ತಿತ್ತು."

"ಒಂದ್ ತಲೇದೋ, ಎರಡು ತಲೇದೋ? ಎರಡಿದ್ರೆ ಗಂಡಭೇರುಂಡ, ಮೈಸೂರು ಮಹಾರಾಜರ ಪಡೆ. ಅವ್ರು ಸಿಂಗಾಪುರದ ಕಡೆ ಹೋಗಿದ್ರು. ಒಂದೇ ಆದ್ರೆ ಪಡೆನೂ ಬೇರೆ, ದೇಶನೂ ಬೇರೆ."

ಮಾದಮ್ಮ ಕಣ್ಣು ಮುಚ್ಚಿ, ಹೆಬ್ಬೆರಳನ್ನು ಗುಂಡಿಯ ಮೇಲೆ ಆಡಿಸಿದಳು. ಏನು ಮಾಡಿದರೂ ನೆನಪಾಗಲಿಲ್ಲ.

"ಪೆಟ್ಟಿಗೇಲೇ ಇತ್ತಲ್ಲಪ್ಪ, ಹೆಂಗೆ ಸವೀತು?"

"ಹುಳಿ ಹಾಕಿ ತಿಕ್ತಿದ್ರೇನೋ. ಹಂಗೇ ಬಿಟ್ಟಿದ್ರೆ ಕಪ್ಪಾಗಿರೋದು, ಗುರುತು ಉಳ್ಕಂತಿತ್ತು" ಎಂದುಬಿಟ್ಟ ಬಸವರಾಜು, ಅವಳ ಮುಖ ನೋಡಿ ನಾಲಿಗೆ ಕಚ್ಚಿಕೊಂಡ.

ಬಸ್ಸಿನಲ್ಲಿ ಮಾದಮ್ಮ ಗುಂಡಿಯನ್ನು ಬೆರಳು ತಾಕದಂತೆ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಬಡಪಾಯಿ ಮಗಳು ಪ್ರೀತಿ ಮಾಡಿಯೇ ಅಪ್ಪನನ್ನು ಎರಡನೆಯ ಸಲ ಕಳೆದುಕೊಂಡಿದ್ದಳು.

ಪಿತೃಪಕ್ಷ ಬಂತು. ಚಂದ್ರಿಕಾ ಎಂದಿನಂತೆ ಹುಣಸೆಹಣ್ಣು ನೆನೆಸಿ ತಂದಳು.

"ತಗಳಿ ಅತ್ತೆ."

"ಬ್ಯಾಡ ಕಣವ್ವ, ಒಳಗಿಕ್ಕು. ಉಳಿದಿರೋ ರೆಕ್ಕೆನಾದ್ರೂ ಉಳೀಲಿ."

ಮಂಕಾದ ಗುಂಡಿಯನ್ನು ಹಾಗೇ ಎಲೆಯ ಮುಂದಿಟ್ಟು, ಮಾದಮ್ಮ ಬಾಗಿಲ ಕಡೆ ತಿರುಗಿದಳು. "ಎಲ್ಲಿದ್ದೀಯೋ ಅಲ್ಲಿಂದ ಬಾರಪ್ಪ. ನಿನ್ನ ಮಕಾನ ನಾನೇ ಅಳಿಸ್ಬುಟ್ಟೆ. ನನ್ನ ಮಕದ ಗುರುತು ಹಿಡ್ಕಂಡಾದ್ರೂ ಬಾ."

ಅಂದ ಮೇಲೆ ನೆನಪಾಯಿತು, ಅವಳ ಮುಖವನ್ನು ಅವನೂ ಕಂಡವನಲ್ಲ.