ಕಬ್ಬಿಗೆ ಎತ್ತರ ಬಂದದ್ದು

ಆ ವರ್ಷ ಹಗಲೆಲ್ಲ ನಾನು ಎಲ್ಲೂ ಇಲ್ಲದ ಊರುಗಳಲ್ಲಿ ಅಲೆಯುತ್ತಿದ್ದೆ. ಸೈನಿಕರ ತರಬೇತಿಗೆ ಒಂದು ಕಂಪನಿ ಟ್ಯಾಂಕಿನ ಸಿಮ್ಯುಲೇಟರ್, ಅಂದರೆ ಪರದೆಯ ಮೇಲೆ ಸುಳ್ಳು ಯುದ್ಧ ಆಡಿಸುವ ಯಂತ್ರ, ಮಾಡುತ್ತದೆ, ಇನ್ನೊಂದು ಕಾಲಾಳುಗಳದು. ಎರಡನ್ನೂ ಜೋಡಿಸಿದರೆ ಎರಡರ ಪರದೆಯಲ್ಲೂ ಅದೇ ಗುಡ್ಡ, ಅದೇ ನಾಲೆ ಕಾಣಬೇಕು. ಅದರ ನಿಯಮ ಬರೆಯುವುದು ಮೈಸೂರಿನ ನಮ್ಮ ಕಚೇರಿಯ ಕೆಲಸ. ಸಂಜೆ ಬಸ್ಸು ಶ್ರೀರಂಗಪಟ್ಟಣ ದಾಟುವಾಗ ಕಾವೇರಿಯನ್ನು ಕಂಡರೂ, ಈ ಹೊಳೆಯ ಆಳವನ್ನು ಕಂಪ್ಯೂಟರಿಗೆ ಯಾರು ತುಂಬಿಸಿದರಪ್ಪಾ ಅನ್ನಿಸುತ್ತಿತ್ತು.

ಸೈನ್ಯದಲ್ಲಿರುವ ತಮ್ಮ ರಜೆಗೆ ನಮ್ಮೂರು ಕ್ಯಾತನಹಳ್ಳಿಗೆ ಬಂದ. ಮುಖ ಊದಿಸಿಕೊಂಡೇ ಇದ್ದವನು ಬೆಳಿಗ್ಗೆ ಕಬ್ಬಿನ ಗದ್ದೆ ಬದುವಿನ ಮೇಲೆ ಬಾಯಿಬಿಟ್ಟ.

"ನಿಮ್ ಮಿಷಿನ್ನಲ್ಲಿ ನಾನು ಸತ್ತೋದೆ ಕಣಕ್ಕ. ಕಬ್ಬೊಳ್ಗೆ ಕೂತಿದ್ದೆ. ನಂಗೆ ತಲೆಗಿಂತ್ಲೂ ಮೇಲಕ್ಕಿತ್ತು. ಟ್ಯಾಂಕ್‌ನೋನ್ಗೆ ಬರೀ ಅಸ್ರು ನೆಲವಂತೆ! ಇನ್ಮೇಲೆ ಕಬ್ಬು ಕಂಡ್ರೆ ನುಗ್ಗಕಿಲ್ಲ ಬುಡು."

ನಗು ಬಂತು, ಅರ್ಧಕ್ಕೇ ನಿಂತಿತು. ಬೆಳೆಯ ಎತ್ತರ ತಿಂಗಳಿಗೊಂದು ಥರ ಎಂದು ನಮ್ಮ ಕಚೇರಿಯ ಹಿರಿಯರು ಅದನ್ನು ನಿಯಮಕ್ಕೆ ಸೇರಿಸಿರಲಿಲ್ಲ. ಸುಳ್ಳು ಗದ್ದೆಯಲ್ಲಿ ಕಲಿತ ಪಾಠವನ್ನು ಇವನು ನಿಜವಾದ ಗುಂಡಿನೆದುರು ನೆನೆದು ಬಯಲಲ್ಲೇ ನಿಂತುಬಿಟ್ಟರೆ?

"ಓಗ್ಲಾ ಒಳಿಕ್ಕೆ, ಕಾಣ್ತೀಯೋ ಇಲ್ವೋ ನೋಡಾನ," ಅಂದೆ.

ನಮ್ಮಲ್ಲಿ ಕಬ್ಬಿನೊಳಗೆ ಹೋದವರು ಹೊರಗಿನವರ 'ಕೂ'ಗೆ ಓಗೊಡಲೇಬೇಕು. ಕಟಾವಿನ ಮೇಲೆ ಒಣಗರಿಗೆ ಬೆಂಕಿ ಇಡುವವರೂ ಮೊದಲು ಕೂಗುತ್ತಾರೆ. ತಮ್ಮ ಎರಡು ಹೆಜ್ಜೆ ಇಟ್ಟ, ಮಂಜಿನಲ್ಲಿ ಗರಿಗಳು ಕೂಡಿಕೊಂಡವು. ಅಷ್ಟೇ, ಅವನಿಲ್ಲ. ಎಲ್ಲೋ ನಾಲೆಯ ನೀರು ಹರಿಯುತ್ತಿತ್ತು. ಕೂಗಿದೆ. ಉತ್ತರವಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಕೂಗಿದೆ.

"ಕೂ..." ಬೆನ್ನ ಹಿಂದಿನ ಸಾಲಿನಿಂದ ಬಂತು. "ನಾನು ಕಾಣುಸ್ದ್ನಾ?"

"ಇಲ್ಲ ಕಣೋ, ಕಾಣ್ಸನಿಲ್ಲ," ಎಂದವಳಿಗೆ ಅಳುವೇ ಬಂತು. ಕತ್ತೆ, ನಗುತ್ತಿದ್ದ.

ಕಚೇರಿಯ ಮುಂದಿನ ಸಭೆಯಲ್ಲಿ ಹಿರಿಯರು ಮತ್ತೆ ಬೆಳೆಯ ಎತ್ತರ ಬೇಡವೆಂದರು. "ಅದರೊಳಗೆ ನನ್ನ ತಮ್ಮ ಇದ್ದಾನೆ ಸಾರ್," ಅಂದೆ. ಕೊನೆಗೆ ನಿಯಮ ಸೇರಿತು: ಅಭ್ಯಾಸಕ್ಕೆ ಮುಂಚೆ ಒಂದು ಯಂತ್ರ ಬೆಳೆಯ ಎತ್ತರವನ್ನು ಕೂಗಿ ಹೇಳಬೇಕು, ಉಳಿದವು ಓಗೊಡಬೇಕು. ಓಗೊಡದಿದ್ದರೆ ಆಟ ಶುರುವಾಗಕೂಡದು.

ಎಷ್ಟೋ ತಿಂಗಳ ಮೇಲೆ ಬಸ್ಸಿನಲ್ಲಿ ತೂಕಡಿಸುತ್ತಿದ್ದಾಗ ಫೋನು ಬಂತು.

"ಅಕ್ಕಾ, ಇವತ್ತೂ ನಿಮ್ ಮಿಷಿನ್ನಲ್ಲಿ ಕಬ್ಬಿಗೇ ನುಗ್ದೆ ಕಣಕ್ಕ."

"ಆಮೇಲೆ?"

"ಟ್ಯಾಂಕು ಪಕ್ಕದಲ್ಲೇ ಓಯ್ತು. ನಾ ಕಾಣ್ಸನಿಲ್ಲ."